ತಿರುಗಿ ಹೇಳು

“ಅದರಲ್ಲಿ ಏನಿತ್ತು?”

ಲಿಫ್ಟಿನ ನೆತ್ತಿಯ ಮೇಲೆ ಮಂಡಿಯೂರಿ ಕೂತಿದ್ದ ಮೆಕ್ಯಾನಿಕ್ಕು ಇಷ್ಟು ಗಟ್ಟಿಯಾಗಿ ಕೇಳಿಬಿಟ್ಟನೆಂದು ಅವನಿಗೇ ಗೊತ್ತಾದದ್ದು, ಬಾವಿಯಂಥ ಆ ಶಾಫ್ಟಿನ ನಾಲ್ಕೂ ಗೋಡೆಗಳು ಅವನ ಮಾತನ್ನು ಒಂದರಿಂದೊಂದು ಇಸಿದುಕೊಂಡು ಮೇಲಕ್ಕೆ ಸಾಗಿಸತೊಡಗಿದಾಗ. ಕತ್ತಲಲ್ಲಿ ಏರುತ್ತ ಏರುತ್ತ ಸವೆದ ಆ ಮಾತು ಮೆಷಿನ್ ರೂಮಿನ ಬೆಳಕು ಬೀಳುವ ತೂತಿನ ಹತ್ತಿರ ಹೋಗಿ ಸತ್ತಿತು. ಅಲ್ಲಿಂದ ಅವನ ಜೊತೆಗಾರ ಬಗ್ಗಿ, “ಏನಂದೆ? ಮೇಲಾ?” ಎಂದು ಕೂಗಿದ. ಕಂಪನಿಯಲ್ಲಿ ಎಲ್ಲರೂ ಈ ಜೊತೆಗಾರನನ್ನು ಮೌನಿ ಎನ್ನುತ್ತಿದ್ದರು; ಎಚ್ಚರವಿರುವಷ್ಟು ಹೊತ್ತು ಅವನ ಬಾಯಿ ನಿಂತದ್ದನ್ನು ಕಂಡವರಿರಲಿಲ್ಲ.

“ಏನೂ ಇಲ್ಲ. ನಿಲ್ಲು!”

“ನಿಂತೆ!”

ಅವರ ಕೆಲಸದಲ್ಲಿ ಅದೊಂದು ಕಟ್ಟುನಿಟ್ಟು. ಕೆಳಗಿದ್ದವನು ಮೇಲೆ ಎಂದರೆ ಮೇಲಿದ್ದವನು ಮೇಲೆ ಎಂದು ತಿರುಗಿ ಹೇಳಬೇಕು. ಹೇಳುವ ತನಕ ಗುಂಡಿ ಒತ್ತುವಂತಿಲ್ಲ. ಕೇಳಿಸಿತು ಎಂದರೆ ಸಾಲದು, ಏನು ಕೇಳಿಸಿತು ಎನ್ನುವುದು ಬಾಯಿಂದ ಬರಬೇಕು. ಸರಿ, ಆಯ್ತು, ಗೊತ್ತಾಯ್ತು, ಇವೆಲ್ಲ ಹೊರಗಿನ ಲೋಕದ ಮಾತುಗಳು. ಕಂಪನಿಯ ಸ್ಟೋರಿನಲ್ಲಿ ಕೂತಿರುವ ಹಿರಿಯನೊಬ್ಬ ಹೊಸದಾಗಿ ಸೇರಿದವರಿಗೆಲ್ಲ ಬೆರಳಿಲ್ಲದ ತನ್ನ ಬಲಗೈಯನ್ನು ಕುಲುಕಲು ಕೊಡುತ್ತಾನೆ. ಹಿಂದೊಮ್ಮೆ ಮೇಲಿನಿಂದ ‘ಸರಿ’ ಎಂದದ್ದನ್ನು ಕೇಳಿಸಿಕೊಂಡು ಹಳಿಯ ಮೇಲಿಟ್ಟ ಕೈ ಅದು. ಮೆಕ್ಯಾನಿಕ್ಕು ಆ ಕೈ ಕುಲುಕಿದ ದಿನದಿಂದ ಈವರೆಗೆ, ತಿರುಗಿ ಕೇಳದೆ ಒಂದು ಸಲವೂ ಹಳಿ ಮುಟ್ಟಿದವನಲ್ಲ. ದಿನವೂ ಶಾಫ್ಟಿಗೆ ಕಾಲಿಡುವ ಮೊದಲು ಎರಡು ಬೆರಳಿನಿಂದ ಉಕ್ಕಿನ ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು, ದೇವರೇ ನಿನ್ನ ಕೈಲಿದೆ ಎನ್ನುತ್ತಾನೆ. ದೇವರು ಮಾತ್ರ ತಿರುಗಿ ಏನೂ ಹೇಳುವುದಿಲ್ಲ ಎಂಬುದು ಈಚೆಗೆ, ಮೊನ್ನೆಯಿಂದ ಈಚೆಗೆ, ಅವನ ಗಮನಕ್ಕೆ ಬಂದಿತ್ತು.

ಹಳಿಗೆ ಗ್ರೀಸು ಸವರುತ್ತ ಅವನು ತೊಡೆಗೆ ಒತ್ತುತ್ತಿದ್ದ ಫೋನನ್ನು ಮರೆಯಲು ನೋಡಿದ. ತೆಗೆದು ನೋಡುವ ಅಗತ್ಯವೇನೂ ಇರಲಿಲ್ಲ. ಅದರೊಳಗಿನ ನಾಲ್ಕು ಸಾಲು, ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದ ಪದ್ಯಗಳ ಹಾಗೆ ಬಾಯಿಗೆ ಬಂದುಹೋಗಿದ್ದವು. ಮೊದಲನೆಯದು ತಂಗಿಯದು: ಅಣ್ಣಾ, ಅಮ್ಮನ ಕನ್ನಡಿ ಬೀರು ನಿಮ್ಮನೆಗೆ ಕಳಿಸ್ಲಾ? ಎರಡನೆಯದೂ ತಂಗಿಯದೇ, ಆದರೆ ಅಲ್ಲಿ ಅವಳ ಮಾತಿರಲಿಲ್ಲ. ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಬೂದುಬಣ್ಣದ ಅಕ್ಷರ ಮಾತ್ರ. ಮೂರನೆಯದು ಅವನದು: ಬೇಡ ಪುಟ್ಟಿ. ಇಲ್ಲಿ ಜಾಗ ಎಲ್ಲಿದೆ. ಇಷ್ಟು ವರ್ಷ ಇದ್ದ ಹಾಗೇ ಅಲ್ಲೇ ಇದ್ದರಾಯ್ತು. ನಿಮ್ಮತ್ತಿಗೆಗೂ ಇಷ್ಟ ಆಗಲ್ಲ. ಸುಮ್ನೆ ಯಾಕೆ ತಲೆನೋವು. ನಾಲ್ಕನೆಯದು ಮತ್ತೆ ಅವಳದು: ಸರಿ ಅಣ್ಣ.

ಆ ಸರಿ ಅಣ್ಣ ಎನ್ನುವುದನ್ನು ಅವತ್ತು ಸಂಜೆ ಬಸ್ಸಿನಲ್ಲಿ ನಿಂತು ಓದಿ, ಬೀರಿನ ಕಾಟ ತಪ್ಪಿತು ಎಂದು ಫೋನನ್ನು ಜೇಬಿಗಿಳಿಸಿದ್ದ. ನಡುವಿನ ಬೂದು ಸಾಲು ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಬಿತ್ತು. ಏನೋ ತಪ್ಪು ಬರೆದು ಅಳಿಸಿದ್ದಾಳೆ, ಯಾವಾಗಲೂ ಅವಸರ ಇವಳದು, ಎಂದು ಒಂದು ನಗೆಯನ್ನೂ ನಕ್ಕಿದ್ದ. ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದವರ ಭುಜಕ್ಕೆ ತಾಗಿ, ಸಾರಿ ಎಂದಿದ್ದ. ಆ ಸಾರಿಯಾದರೂ ಹೋಗಬೇಕಾದವರಿಗೆ ಹೋಗಿತ್ತು.

ಶಾಫ್ಟಿನೊಳಗೆ ಸಿಗ್ನಲ್ ಬರುವುದಿಲ್ಲ. ಒಳಗೆ ಕೂತು ಬರೆದದ್ದು ಫೋನಿನಲ್ಲೇ ಕಾಯುತ್ತಿದ್ದು, ಮಹಡಿಯ ಬಾಗಿಲು ತೆರೆದು ಹೊರಗೆ ಕಾಲಿಟ್ಟ ಗಳಿಗೆಗೆ ದನದ ದೊಡ್ಡಿಯ ಬಾಗಿಲು ತೆಗೆದ ಹಾಗೆ ಒಟ್ಟಿಗೆ ನುಗ್ಗಿ ಹೋಗುತ್ತದೆ. ಹೊರಗಿಂದ ಬರುವುದೂ ಹಾಗೆಯೇ ನುಗ್ಗುತ್ತದೆ. ಯಾವುದು ಯಾವುದರ ಹಿಂದೆ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ. ಅದಕ್ಕೇ ಕಂಪನಿಯ ಗುಂಪಿನಲ್ಲಿ, ಉತ್ತರ ಬರೆಯುವಾಗ ಮೊದಲು ಯಾವ ಕಟ್ಟಡ, ಯಾವ ಲಿಫ್ಟು, ಯಾವ ಪ್ರಶ್ನೆ ಎಂದು ಹೆಸರಿಸಿಯೇ ಮುಂದುವರಿಯಬೇಕೆಂಬ ನಿಯಮ. ಬರೀ ‘ಮುಗೀತು’ ಎಂದು ಬರೆದವನಿಗೆ ಮೌನಿ, “ಏನಪ್ಪಾ ಮುಗಿದದ್ದು, ನಿನ್ನ ಆಯಸ್ಸಾ?” ಎಂದು ಎಲ್ಲರೆದುರು ಮಾನ ಕಳೆಯುತ್ತಿದ್ದ. ಮೆಕ್ಯಾನಿಕ್ಕು ಆ ನಿಯಮವನ್ನು ಒಂದು ದಿನವೂ ಮುರಿದವನಲ್ಲ. ಅವತ್ತು ಬೀರಿನ ಪ್ರಶ್ನೆಯನ್ನು ಹೊರಗೆ ಓದಿ, ಒಳಗೆ ಲಿಫ್ಟಿನ ನೆತ್ತಿಯ ಮೇಲೆ ಕೂತು ಉತ್ತರ ಬರೆದಾಗ, ಬೀರು ಎಂಬ ಒಂದು ಮಾತನ್ನು ಮೊದಲಿಗಿಡಬೇಕೆಂದು ಅವನಿಗೆ ತೋಚಲಿಲ್ಲ. ಒಡಹುಟ್ಟಿದವಳಿಗೆ ಬರೆಯುವುದಕ್ಕೆ ಎಂಥ ನಿಯಮ? ಅವನು ಒಳಗೆ ಕೂತು ಬರೆಯುತ್ತಿದ್ದ ಹೊತ್ತಿಗೆ ಅವಳು ಹೊರಗೆಲ್ಲೋ ಕೂತು ಇನ್ನೊಂದನ್ನು ಬರೆದಿದ್ದಳು. ಬಾಗಿಲು ತೆರೆಯಿತು. ಅವನದು ಹೋಯಿತು, ಅವಳದು ಬಂತು. ಜೇಬಿನಲ್ಲಿ ಫೋನು ಮಿಡಿಯಿತು. ಗ್ರೀಸು ಮೆತ್ತಿದ ಕೈಯ ಕಿರುಬೆರಳಿನಿಂದ ಅದನ್ನು ಅರ್ಧ ಮೇಲೆತ್ತಿ ನೋಡಿದ್ದ. ‘ಅಣ್ಣಾ, ಕೋಪ ಮಾಡ್ಕೋಬೇಡ’ ಎಂಬಷ್ಟು ಕಂಡಿತ್ತು. ಮುಂದೆ ಇತ್ತು. ಒತ್ತಿದ್ದರೆ ತೆರೆಯುತ್ತಿತ್ತು. ಮತ್ತೆ ಬೀರೇ ಇರಬೇಕು, ಹಟ ಹಿಡಿದಿದ್ದಾಳೆ, ಎಂದುಕೊಂಡು ಬಿಟ್ಟುಬಿಟ್ಟ. ಕೈ ಕೊಳೆಯಾಗಿತ್ತು ಎಂದು ಮೊನ್ನೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಕೈ ಕೊಳೆಯಾಗಿದ್ದದ್ದು ನಿಜ. ಆದರೆ ಅದೇ ಕೊಳೆ ಕೈಯಲ್ಲಿ ಆಮೇಲೆ ಮೌನಿ ಕಳಿಸಿದ ಕೋತಿಯ ವೀಡಿಯೋ ನೋಡಿದ್ದೂ ನಿಜ.

ಮೊನ್ನೆ ಚಿಕ್ಕಮ್ಮ ಫೋನು ಮಾಡಿದಾಗ ಅವನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದ. ಹೆಂಡತಿ ಫೋನನ್ನು ಅವನ ಒದ್ದೆ ಕಿವಿಗೇ ಹಿಡಿದಳು.

“ಏನೋ, ಬೆನ್ನಿಗೆ ಬಿದ್ದವಳು ಬಾಯಿಬಿಟ್ಟು ಕೇಳಿದ್ರೆ ಜಾಗ ಇಲ್ಲ ಅಂದ್ಯಂತೆ? ನಿನ್ನ ಮನೆ ಏನು ಬೆಂಕಿಪೊಟ್ಟಣವಾ?”

“ಇಲ್ಲಿ ಬಾಗಿಲಲ್ಲೇ ಹಿಡಿಸಲ್ಲ ಚಿಕ್ಕಮ್ಮ ಅದು. ಕನ್ನಡಿ ಬೇರೆ ಇದೆ, ಒಡೆದುಹೋದ್ರೆ?”

“ಯಾವ ಕನ್ನಡಿಯೋ?”

“ಬೀರು.”

“ಬೀರಂತೆ ಬೀರು! ಮಗೂನ ಕರ್ಕೊಂಡು ಬಂದುಬಿಡ್ತೀನಿ, ಸ್ವಲ್ಪ ದಿನ ಇಟ್ಕೋ ಅಂತ ಕೇಳಿದ್ಲಲ್ಲೋ. ಇದ್ದ ಹಾಗೇ ಅಲ್ಲೇ ಬಿದ್ದಿರು ಅಂತ ಬರೆದ್ಯಂತೆ. ತಲೆನೋವು ಅಂದ್ಯಂತೆ. ಬ್ಯಾಗಿಗೆ ತುಂಬಿದ್ದ ಬಟ್ಟೆ ವಾಪಸು ಬೀರಿಗಿಟ್ಟಳಂತೆ ಕಣೋ.”

ಟವೆಲ್ಲಿನ ನೀರು ಬೆನ್ನಿನ ಮೇಲೆ ಇಳಿಯುತ್ತಿತ್ತು. ಚಿಕ್ಕಮ್ಮ ಇನ್ನೂ ಹೇಳಿದಳು. ವರ್ಷದ ಮೇಲಾಯಿತು, ಪುಟ್ಟಿಯ ಗಂಡ, ಆ ಕನ್ನಡಕದಂಗಡಿಯವನು, ಅವಳ ಜೊತೆ ಬಾಯಿಬಿಟ್ಟು ಮಾತಾಡಿ. ಯಾವ ಜಗಳವೂ ಆಗಿರಲಿಲ್ಲ. ಒಂದು ದಿನ ನಿಲ್ಲಿಸಿದ, ಅಷ್ಟೆ. ಹಾಲ್‌ನಲ್ಲಿ ಕೂತು ಅಡುಗೆಮನೆಗೆ ಮೆಸೇಜು ಹಾಕುತ್ತಾನೆ. ಟೀ. ಉಪ್ಪು ಕಮ್ಮಿ. ಫ್ಯಾನು. ಇವಳು ಏನಾದರೂ ಕೇಳಿದರೆ, ಗೋಡೆ ಕೇಳಿಸಿಕೊಂಡಷ್ಟೂ ಕೇಳಿಸಿಕೊಳ್ಳುವುದಿಲ್ಲ. ಹೊಡೆದಿದ್ದರೆ ಯಾರಿಗಾದರೂ ತೋರಿಸಬಹುದಿತ್ತು ಎಂದಳಂತೆ. ಮೆಕ್ಯಾನಿಕ್ಕು ಒದ್ದೆ ತಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತ, ಹೋದ ಸಲ ಅವಳ ಮನೆಗೆ ಹೋಗಿದ್ದಾಗ ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಫೋನು ಗುಂಯ್ ಎಂದದ್ದನ್ನು, ಅವಳು ಅದರ ಮುಖ ನೋಡಿ ಕೂಡಲೇ ಒಂದು ಲೋಟ ನೀರು ಹಾಲ್‌ಗೆ ಒಯ್ದದ್ದನ್ನು ನೆನೆಸಿಕೊಂಡ. “ಏನೇ ಪುಟ್ಟಿ, ನಿಮ್ಮನೆ ಒಳ್ಳೇ ಆಫೀಸಿದ್ದಂಗಿದೆಯಲ್ಲ!” ಎಂದು ತಾನು ತಮಾಷೆ ಮಾಡಿದ್ದು ನೆನಪಾಯಿತು. ಅವಳು ನಕ್ಕಿದ್ದಳು. ಒಂದು ಗಳಿಗೆ ಅವನನ್ನೇ ನೋಡಿ, ಆಮೇಲೆ ನಕ್ಕಿದ್ದಳು. ಆ ಒಂದು ಗಳಿಗೆ ಈಗ ಹಳಿಯ ಮೇಲಿನ ತುಕ್ಕಿನ ಹಾಗೆ ಉಜ್ಜಿದಷ್ಟೂ ಎದ್ದು ಕಾಣುತ್ತಿತ್ತು.

ಫೋನಿಟ್ಟ ಮೇಲೆ ಹೆಂಡತಿ ಆ ಸಂದೇಶ ತೋರಿಸಿ ಎಂದಳು. ಅವಳು ಕೂತು ಹೊಲಿಯುವ ಕೋಣೆಯೇ ಅವರು ಮಲಗುವ ಕೋಣೆ. ಹೋಟೆಲುಗಳ ಕಿಟಕಿ ಪರದೆಯ ಬಟ್ಟೆ ಸುರುಳಿ ಸುರುಳಿಯಾಗಿ ಸೂರಿಗೆ ತಾಗುವಂತೆ ಪೇರಿಸಿ, ನಡುವೆ ಒಬ್ಬರು ಅಡ್ಡಡ್ಡ ಹೋಗುವಷ್ಟು ದಾರಿ. ಅವಳು ಓದಿದಳು. ಎರಡನೇ ಸಲ ಓದಿದಳು.

“ನಿಮ್ಮತ್ತಿಗೆಗೂ ಇಷ್ಟ ಆಗಲ್ಲ ಅಂತ ಬರ್ದಿದ್ದೀರಲ್ಲ, ನನ್ನ ಕೇಳಿದ್ರಾ?”

“ಅದು ಬೀರಿನ ವಿಷಯ ಕಣೇ.”

“ಆ ಬೀರು ನನಗಿಷ್ಟ. ಮದುವೆಯಾಗಿ ಬಂದ ದಿನ ಅದರ ಕನ್ನಡೀಲೇ ನನ್ನ ಮುಖ ನಾನು ನೋಡ್ಕೊಂಡಿದ್ದು. ನಿಮಗೆ ಬೇಡ ಅನ್ನೋಕೆ ಬಾಯಿಲ್ಲ, ನನ್ನ ಹೆಗಲ ಮೇಲೆ ಬಂದೂಕಿಟ್ಟು ಹೊಡೀತೀರಿ. ಈಗ ಅವಳ ಕಣ್ಣಲ್ಲಿ ನಾನು ಏನಾದೆ?”

ಅವನು ತಂಗಿಗೆ ಫೋನು ಮಾಡಿದ. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಆಮೇಲೆ ಮಾಡ್ತೀನಿ ಎಂಬ ಸಾಲು ಬಂತು. ಆ ಆಮೇಲೆ ಬರಲಿಲ್ಲ. ಅವನು ಬರೆಯಲು ಕೂತ. ಪುಟ್ಟೀ, ನಾನು ಬರೆದದ್ದು ನಿನಗಲ್ಲ, ಬೀರಿಗೆ. ಬರೆದು ಓದಿದರೆ ಹುಚ್ಚನ ಮಾತಿನ ಹಾಗಿತ್ತು. ಅಳಿಸಿದ. ನೀನು ಬರೆದದ್ದು ನಾನು ಓದಲೇ ಇಲ್ಲ ಎಂದು ಬರೆದ. ಓದಲೇ ಇಲ್ಲ ಎನ್ನುವುದು ಇನ್ನೂ ಘೋರವಾಗಿ ಕಂಡಿತು. ಅದನ್ನೂ ಅಳಿಸಿದ. ಕೊನೆಗೆ ಉದ್ದಕ್ಕೆ, ಶಾಫ್ಟು, ಸಿಗ್ನಲ್ಲು, ಹಿಂದುಮುಂದಾದದ್ದು ಎಲ್ಲವನ್ನೂ ವಿವರಿಸಿ, ಯಾವಾಗ ಬೇಕಾದರೂ ಬಾ ಎಂದು ಮುಗಿಸಿ ಕಳಿಸಿದ. ಕಳಿಸಿದ ಮೇಲೆ ಓದಿಕೊಂಡರೆ ಅದು ಇನ್ಶೂರೆನ್ಸ್ ಕಂಪನಿಗೆ ಬರೆದ ಅರ್ಜಿಯಂತಿತ್ತು. ಮೊದಲು ಬರೆದ ಐದು ಮಾತು ಬೀರಿಗಾಗಿದ್ದರೂ ಅವುಗಳಲ್ಲಿ ಜೀವವಿತ್ತು. ನಿಜವಾಗಿ ಅವಳಿಗೇ ಬರೆದದ್ದು ಹೆಣದ ಹಾಗೆ ನೆಟ್ಟಗೆ ಮಲಗಿತ್ತು. ಅವಳು ಓದಿದ ಗುರುತು ಬಂತು. ಟೈಪಿಂಗ್ ಎಂದು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ಹೆಂಡತಿಯೂ ಹೊಲಿಗೆ ನಿಲ್ಲಿಸಿ ಅವನ ಭುಜದ ಮೇಲಿಂದ ಬಗ್ಗಿದಳು. ಕೊನೆಗೆ ಬಂದದ್ದು, ಪರವಾಗಿಲ್ಲ ಅಣ್ಣ. ಅವನು ಎರಡು ಕೈ ಮುಗಿದ ಚಿತ್ರ ಹಾಕಿದ. “ಇದ್ಯಾಕೆ ಹಾಕಿದ್ರಿ? ದೊಡ್ಡ ನಮಸ್ಕಾರ, ಹೋಗಿ ಬಾ ಅಂದಂಗಾಯ್ತು,” ಎಂದಳು ಹೆಂಡತಿ.

ಆಗ ಅವನಿಗೆ ದನಿಯಲ್ಲೇ ಕಳಿಸಬೇಕೆಂದು ಹೊಳೆಯಿತು. ಅವನು ಓದಿ ಬೆಳೆದವನಲ್ಲ, ಕೇಳಿ ಬೆಳೆದವನು. ಅಪ್ಪ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದ. ಪುಸ್ತಕವಿಲ್ಲ, ಎಲ್ಲವೂ ಬಾಯಲ್ಲೇ. ಒಂದು ಪದ್ಯ ಮುಗಿದರೆ ಮಕ್ಕಳಿಬ್ಬರೂ ಹೂಂ ಎನ್ನಬೇಕು. ಹೂಂ ಬಾರದಿದ್ದರೆ ಅಪ್ಪ ಮುಂದಕ್ಕೆ ಹೋಗುತ್ತಿರಲಿಲ್ಲ. ದೇವರು ದಾರಿಯಲ್ಲೇ ನಿಂತುಬಿಡುತ್ತಾನೆ ಎನ್ನುತ್ತಿದ್ದ. ಒಂದೇ ಸಾಲನ್ನು ಅಪ್ಪ ಒಮ್ಮೆ ಬೇಡಿಕೊಳ್ಳುವಂತೆ, ಒಮ್ಮೆ ಗದರುವಂತೆ, ಒಮ್ಮೆ ಮುನಿದ ಮಗುವನ್ನು ಕರೆಯುವಂತೆ ಹೇಳಿದರೆ, ಅದೇ ಅಕ್ಷರಗಳ ಒಳಗೆ ಬೇರೆ ಬೇರೆ ಮನುಷ್ಯರು ಎದ್ದು ಕೂರುತ್ತಿದ್ದರು. ಅಣ್ಣನಾದ ಅವನಿಗೆ ನಿದ್ದೆ ಬೇಗ. ಪುಟ್ಟಿ ಅವನಿಗಿಂತ ಚಿಕ್ಕವಳಾದರೂ ಕೊನೆಯ ತನಕ ಕಣ್ಣರಳಿಸಿ ಕೂರುತ್ತಿದ್ದಳು. ತನ್ನ ಸಣ್ಣ ಹೂಂ ಒಂದು ಹೇಳಿ, ಕೂಡಲೇ ಗಂಟಲು ದಪ್ಪ ಮಾಡಿಕೊಂಡು ಅಣ್ಣನ ಹೂಂ ಅನ್ನೂ ತಾನೇ ಹೇಳಿಬಿಡುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡೇ ಮೀಸೆಯೊಳಗೆ ನಗುತ್ತಿದ್ದ. ಅಪ್ಪನಿಗೆ ಗೊತ್ತಿತ್ತು. ಹೂಂ ತಡವಾಗಿ ಬಂದರೆ ನಿದ್ದೆಯಿಂದ ಬಂತೆಂದು, ಸರಿಯಾದ ಹೊತ್ತಿಗೆ ಬಂದರೆ ಎಚ್ಚರದಿಂದ ಬಂತೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದು, ಪುಟ್ಟೀ, ನಾನು ಕಣೇ, ಎಂದು ಶುರುಮಾಡಿ, ನಡುವೆ ಹೊಲಿಗೆ ಮೆಷಿನ್ನಿನ ಸದ್ದೂ ಸೇರಿಕೊಂಡು, ಹೇಗೋ ಮುಗಿಸಿ ಕಳಿಸಿದ. ಅವಳು ಅದನ್ನು ಕೇಳಲಿಲ್ಲ. ಕೇಳಿದ್ದರೆ ಗುರುತಿನ ಬಣ್ಣ ಬದಲಾಗಬೇಕಿತ್ತು, ಬದಲಾಗಲಿಲ್ಲ. ಎಲ್ಲಿ ಕೇಳುತ್ತಾಳೆ? ಆ ಮನೆಯಲ್ಲಿ ಒಂದು ದನಿ ಎದ್ದರೆ ಸಾಕು, ಹಾಲ್‌ನವರೆಗೂ ತಟ್ಟೆ ಬಿದ್ದಂತೆ ಕೇಳಿಸುತ್ತದೆ. ಇದು ಅವನಿಗೆ ಹೊಳೆದದ್ದು ಇವತ್ತು, ಇಲ್ಲಿ, ಗೋಡೆಗಳು ತನ್ನ ಮಾತನ್ನು ಮೇಲಕ್ಕೆ ಸಾಗಿಸಿದಾಗ. ಆ ಅಳಿಸಿದ ಸಾಲಿನಲ್ಲಿ ಏನಿತ್ತೆಂದು ಚಿಕ್ಕಮ್ಮ ಹೇಳಿದ್ದಳು, ಆದರೆ ಅದು ಚಿಕ್ಕಮ್ಮನ ಮಾತು. ಪುಟ್ಟಿ ಹೇಗೆ ಬರೆದಿದ್ದಳು? ಅಣ್ಣಾ, ಕೋಪ ಮಾಡ್ಕೋಬೇಡ, ಎಂದಾದ ಮೇಲೆ? ಗ್ರೀಸು ಸವರುತ್ತ ಅವನು ಅದನ್ನು ಕಟ್ಟತೊಡಗಿದ. ಕೋಪ ಮಾಡ್ಕೋಬೇಡ, ನಾನು ಮಗೂ ಸ್ವಲ್ಪ ದಿನ ಬರ್ಲಾ. ಅಲ್ಲ, ಬರ್ಲಾ ಎಂದು ಕೇಳುವವಳಲ್ಲ. ಮೂಲೆಯಲ್ಲಿ ಇರ್ತೀವಿ, ಅತ್ತಿಗೆಗೆ ಹೊಲಿಗೆಗೆ ಸಹಾಯ ಮಾಡ್ತೀನಿ. ಅಲ್ಲ. ಅಪ್ಪನ ಹಾಗೆ ಒಂದು ಸಲ ಬೇಡಿಕೆಯಲ್ಲಿ, ಒಂದು ಸಲ ಮುನಿಸಿನಲ್ಲಿ ಮನಸ್ಸಿನೊಳಗೆ ಹೇಳಿ ನೋಡಿದ. ಯಾವುದರಲ್ಲೂ ಅವಳು ಎದ್ದು ಕೂರಲಿಲ್ಲ.

“ಮೌನೀ! ಕೆಳಗೆ!”

“ಕೆಳಗೆ!”

ಲಿಫ್ಟು ಇಳಿಯಿತು. ಹೊರಗೆ ಬಂದು, ಮೆಷಿನ್ ರೂಮಿನಿಂದ ಇಳಿದು ಬಂದ ಮೌನಿಗೆ, ಅರ್ಧ ದಿನ ರಜೆ ಬೇಕು, ತಂಗಿ ಮನೆಗೆ ಹೋಗ್ಬೇಕು ಎಂದ. ಮೌನಿ ಜೀವಮಾನದಲ್ಲಿ ಮೊದಲ ಸಲ ಏನೂ ಕೇಳದೆ ಅವನ ಕೈಯ ಗ್ರೀಸಿನ ಡಬ್ಬಿ ಇಸಿದುಕೊಂಡು, ಆಮೇಲೆ ತಡೆಯಲಾರದೆ, “ಕೈ ತೊಳ್ಕೊಂಡು ಹೋಗೋ, ಕಳ್ಳ ಅಂತ ಹಿಡಿದಾರು,” ಎಂದ.

ತಂಗಿಯ ಮನೆಯಿದ್ದ ಕಟ್ಟಡದ ಲಿಫ್ಟು ಬೇರೆ ಕಂಪನಿಯದು. ಹಳಿಗೆ ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ, ಏರುವಾಗ ಹಲ್ಲು ಕಡಿಯುತ್ತಿತ್ತು. ಪ್ರಯಾಣಿಕನಾಗಿ ಒಳಗೆ ನಿಂತು, ಕನ್ನಡಿಯಲ್ಲಿ ತನ್ನ ಮುಖ ಕಾಣದಂತೆ ಬಾಗಿಲಿನ ಕಡೆ ತಿರುಗಿಕೊಂಡ. ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದದ್ದು ಮೂರನೇ ಮಹಡಿ ದಾಟುವಾಗ ಉದುರಿಹೋಯಿತು. ಬಾಗಿಲು ತೆರೆದವನು ಕನ್ನಡಕದಂಗಡಿಯವನು. ಇವತ್ತು ಅಂಗಡಿಗೆ ವಾರದ ರಜೆ ಎಂಬುದನ್ನು ಮೆಕ್ಯಾನಿಕ್ಕು ಮರೆತಿದ್ದ.

“ಬನ್ನಿ ಬನ್ನಿ ಭಾವ! ಏನಿದು ಅಪರೂಪ! ದಾರಿ ತಪ್ಪಿ ಬಂದ್ರಾ ಹೇಗೆ?”

ಎಂಥ ದನಿ! ಮೆದುವಾದ, ಎಣ್ಣೆ ಹಾಕಿದ ಹಳಿಯಂಥ ದನಿ. ಅಂಗಡಿಯಲ್ಲಿ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತ, ಈಗ ಸ್ಪಷ್ಟಾನಾ, ಈಗಿನ್ನೂ ಸ್ಪಷ್ಟಾನಾ ಎಂದು ಕೇಳುವ ದನಿ ಅದೇ. ಅವನು ಭಾವನನ್ನು ಸೋಫಾದಲ್ಲಿ ಕೂರಿಸಿ, ಕೆಲಸದ ಬಗ್ಗೆ ಕೇಳಿ, ಲಿಫ್ಟಿನಲ್ಲಿ ಸಿಕ್ಕಿಕೊಂಡ ತನ್ನ ಗಿರಾಕಿಯೊಬ್ಬರ ಕಥೆ ಹೇಳಿ ನಗಿಸಿದ. ಮೆಕ್ಯಾನಿಕ್ಕು ನಕ್ಕ. ತಾನು ನಗುತ್ತಿದ್ದೇನೆಂದು ಗೊತ್ತಾಗಿ, ಅರ್ಧಕ್ಕೆ ನಿಲ್ಲಿಸುವುದು ಹೇಗೆಂದು ತಿಳಿಯದೆ ಪೂರ್ತಿ ನಕ್ಕ. ಮಾತಿನ ನಡುವೆಯೇ ಕನ್ನಡಕದವನ ಹೆಬ್ಬೆರಳು ಫೋನಿನ ಮೇಲೆ ಒಂದಿಷ್ಟು ಆಡಿತು. ಅಡುಗೆಮನೆಯಲ್ಲಿ ಗುಂಯ್ ಎಂದಿತು. ತುಸು ಹೊತ್ತಿಗೆ ತಂಗಿ ಎರಡು ಕಪ್ ಟೀ ಹಿಡಿದು ಬಂದಳು. ಅಣ್ಣನನ್ನು ನೋಡಿ ಅವಳ ಹುಬ್ಬು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನಲ್ಲಿ ನೀರಿನ ಸದ್ದಿನಲ್ಲಿ ಯಾರ ದನಿಯೆಂದು ಅವಳಿಗೆ ತಿಳಿದಿರಲಿಲ್ಲ, ಯಾರು ಬಂದಿದ್ದಾರೆಂದು ಯಾರೂ ಹೇಳಿರಲಿಲ್ಲ. ಎರಡು ಟೀ ಎಂದಷ್ಟೇ ತಿಳಿದಿತ್ತು. ನೆಲದ ಮೇಲೆ ಪುಟ್ಟಿಯ ಮಗಳು ಕೂತಿದ್ದಳು. ರಟ್ಟಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಹೆಬ್ಬೆರಳಾಡಿಸಿ, ಎದುರಿಗಿದ್ದ ಗೊಂಬೆಯ ಮುಖ ನೋಡುತ್ತಿದ್ದಳು. ಮತ್ತೆ ಆಡಿಸಿ, ಮತ್ತೆ ನೋಡುತ್ತಿದ್ದಳು. ಬಾಯಿ ಗಟ್ಟಿಯಾಗಿ ಮುಚ್ಚಿತ್ತು.

ಈಗ ಹೇಳಬೇಕು, ಈ ಮನುಷ್ಯನ ಎದುರಿಗೇ, ಬಾಯಿಬಿಟ್ಟು, ಎಂದುಕೊಂಡ ಮೆಕ್ಯಾನಿಕ್ಕು. ನಾಲಗೆಯೂ ಎದ್ದಿತು. “ಟೀ ಚೆನ್ನಾಗಿದೆ,” ಎಂದಿತು.

ಹೊರಟಾಗ ತಂಗಿ ಲಿಫ್ಟಿನ ತನಕ ಬಂದಳು. ಹಿಂದೆ ಮನೆಯ ಬಾಗಿಲು ತೆರೆದೇ ಇತ್ತು. ಅದರಾಚೆ ಸೋಫಾದ ತುದಿ, ಒಂದು ಮಂಡಿ, ಮಂಡಿಯ ಮೇಲೆ ಫೋನು ಕಾಣುತ್ತಿದ್ದವು. ಹಲ್ಲು ಕಡಿಯುತ್ತ ಲಿಫ್ಟು ಬಂತು. ಅವನು ಒಳಗೆ ಕಾಲಿಟ್ಟು, ತಿರುಗಿ, ಬಾಗಿಲಿಗೆ ಅಡ್ಡವಾಗಿ ಪಾದ ಇಟ್ಟ. ಯಾವ ಪ್ರಯಾಣಿಕ ಹಾಗೆ ಮಾಡಿದರೂ ಅವನು ಬೈಯುತ್ತಿದ್ದ. ಬಾಗಿಲು ಮುಚ್ಚಲು ಬಂದು, ಪಾದಕ್ಕೆ ತಾಗಿ, ಬೆಚ್ಚಿದಂತೆ ಹಿಂದೆ ಸರಿಯಿತು.

“ಅವತ್ತು ಏನು ಬರೆದಿದ್ದೆ ಪುಟ್ಟಿ?”

“ಅಳಿಸಿದ್ನಲ್ಲ.”

“ನಾನು ಬರೆದಿದ್ದು ಬೀರಿಗೆ ಕಣೇ. ದೇವರಾಣೆಗೂ ಬೀರಿಗೆ.”

“ಗೊತ್ತು.”

“ಗೊತ್ತಾ?”

“ಅವತ್ತು ಗೊತ್ತಾಗ್ಲಿಲ್ಲ. ಚಿಕ್ಕಮ್ಮನ ಹತ್ರ ಅತ್ತುಬಿಟ್ಟೆ. ಮಾರನೇ ದಿನ ಪಾತ್ರೆ ತೊಳೀತಾ ತೊಳೀತಾ ಗೊತ್ತಾಯ್ತು. ಅಣ್ಣ ನನಗೆ ಹಾಗೆ ಬರೆಯೋನಲ್ಲ, ಇದು ಬೀರಿಗೇ ಬರೆದದ್ದು ಅಂತ.” ಅವಳ ದನಿ ಒಣಗಿತ್ತು, ಬಳಸದೆ ಇಟ್ಟ ಪಾತ್ರೆಯ ಹಾಗೆ. ಎಷ್ಟೋ ದಿನದ ಮೇಲೆ ಆ ದನಿಯನ್ನು ಕೇಳುತ್ತಿದ್ದೇನೆಂಬ ಸುಖ ಒಂದು ಕ್ಷಣ ಅವನಿಗೆ ಎಲ್ಲವನ್ನೂ ಮರೆಸಿತು.

“ಅಬ್ಬ. ಮತ್ತೆ ಫೋನು ಯಾಕೆ ಎತ್ಲಿಲ್ಲ?”

“ಬೀರಿಗೆ ಅಂತ ಗೊತ್ತಾದ್ಮೇಲೆ ಇನ್ನೊಂದು ಯೋಚನೆ ಬಂತು. ನಂದನ್ನ ಓದಿದ್ರೆ ನನಗೇನು ಬರೀತಿದ್ದ, ಅಂತ.” ಅವಳು ತಲೆಯೆತ್ತಿ ಅವನ ಮುಖ ನೋಡಿದಳು. “ಹೇಳು ಅಣ್ಣಾ. ಓದಿದ್ರೆ, ಬಾ ಅಂತಿದ್ಯಾ?”

ಅವನ ಕಣ್ಣಿಗೆ ಆ ಗಳಿಗೆಯಲ್ಲಿ ಬೇಡವೆಂದರೂ ಬಂದದ್ದು ಪರದೆ ಬಟ್ಟೆಯ ಸುರುಳಿಗಳು. ಅವುಗಳ ನಡುವಿನ ಒಬ್ಬರ ದಾರಿ. ಆ ದಾರಿಯಲ್ಲಿ ಪುಟ್ಟಿ, ಅವಳ ಹಿಂದೆ ಮಗು, ಎದುರಿಗೆ ಹೆಂಡತಿ, ಯಾರಾದರೊಬ್ಬರು ಹಿಂದಕ್ಕೆ ನಡೆಯಬೇಕು. ಮಗುವಿನ ಶಾಲೆ. ಈ ಮೆದು ದನಿಯ ಮನುಷ್ಯ ಒಂದು ದಿನ ತನ್ನ ಮನೆಯ ಬಾಗಿಲಲ್ಲಿ ನಿಂತು, ಏನು ಭಾವ, ಎನ್ನುವುದು. ಇಷ್ಟೆಲ್ಲ ಆಗಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಬಾಗಿಲು ಮತ್ತೊಮ್ಮೆ ಬಂದು ಪಾದಕ್ಕೆ ತಾಗಿ ಹಿಂದೆ ಹೋಯಿತು.

“ಹೂಂ,” ಎಂದ.

ಅವಳು ನಕ್ಕಳು. ವ್ಯಂಗ್ಯವಿರಲಿಲ್ಲ ಅದರಲ್ಲಿ, ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದ ಅಪ್ಪನ ಎದುರು, ನಿದ್ದೆ ಹೋದ ಅಣ್ಣನ ತಲೆ ತನ್ನ ಭುಜಕ್ಕೆ ವಾಲಿದಾಗ ನಗುತ್ತಿದ್ದಳಲ್ಲ, ಅದೇ ನಗು.

“ನಿದ್ದೆ ಹೋಗಿದ್ದೆ ನೀನು.”

“ಪುಟ್ಟೀ, ಈಗ ಕರೀತಿದೀನಲ್ಲ. ಎದುರಿಗೆ ನಿಂತು, ಬಾಯಿಬಿಟ್ಟು ಕರೀತಿದೀನಿ. ಬಾ. ಮಗೂನ ಎತ್ಕೋ, ಬೇರೇನೂ ಬೇಡ, ಹಾಗೇ ಬಾ. ನಿಮ್ಮತ್ತಿಗೆ ಏನೂ ಅನ್ನಲ್ಲ. ಬೀರೂ ತರಿಸ್ತೀನಿ.”

“ಒಂದು ಸಲ ಕೇಳೋಕೆ ನನ್ನಲ್ಲಿ ಎಷ್ಟಿತ್ತೋ ಅಷ್ಟೂ ಖರ್ಚಾಗೋಯ್ತು ಅಣ್ಣಾ. ಈಗ ನೀನು ಕರೀತೀಯ, ನಾನು ಬರ್ತೀನಿ, ನೀನು ಚೆನ್ನಾಗೇ ನೋಡ್ಕೋತೀಯ. ದಿನಾ ಬೆಳಿಗ್ಗೆ ನಿನ್ನ ಮುಖ ನೋಡಿ, ಇದು ಬಾ ಅಂದಿದ್ದ ಮುಖಾನಾ, ಚಿಕ್ಕಮ್ಮನಿಗೆ ಹೆದರಿ ಬಂದಿದ್ದ ಮುಖಾನಾ ಅಂತ ಓದ್ತಾ ಕೂರ್ಬೇಕು ನಾನು. ಓದಿ ಓದಿ ಸಾಕಾಗಿದೆ ನನಗೆ. ಇಲ್ಲಾದ್ರೆ ಓದೋಕೆ ಏನೂ ಇಲ್ಲ. ಟೀ ಅಂದ್ರೆ ಟೀ.”

ಅವಳ ಮುಷ್ಟಿಯೊಳಗೆ ಫೋನು ಗುಂಯ್ ಎಂದಿತು. ಅವಳು ಅಂಗೈ ಬಿಡಿಸಲಿಲ್ಲ. ಬೆರಳ ಸಂದಿಗಳಿಂದ ಬೆಳಕು ಹೊರಟಿತು. ಬಾಗಿಲು, ಎಂದಿರಬೇಕು. ಅಥವಾ ಮಗು. ಅಥವಾ ಫ್ಯಾನು. ಮನೆಯೊಳಗೆ ಮಂಡಿಯೊಂದು ಸಾವಕಾಶವಾಗಿ ಅಲುಗಾಡಿತು. ಲಿಫ್ಟಿನ ಬಾಗಿಲಿಗೆ ಸಿಟ್ಟು ಬಂದು ಅದು ಕೂಗತೊಡಗಿತು. ಹೆಚ್ಚು ಹೊತ್ತು ತಡೆದರೆ ಕೂಗಬೇಕೆಂದೇ ಅದನ್ನು ಮಾಡಿರುತ್ತಾರೆ.

“ಪುಟ್ಟೀ, ಬಾ.”

“ನಾನು ಬರಲ್ಲ.” ಅವಳು ಅದನ್ನು ಮೆಲ್ಲಗೆ, ಪ್ರತಿ ಅಕ್ಷರಕ್ಕೂ ಜಾಗ ಕೊಟ್ಟು, ಅಪ್ಪ ಪದ್ಯದ ಕೊನೆಯ ಸಾಲನ್ನು ಇಳಿಸುವಂತೆ ಹೇಳಿದಳು. ಬೇಡಿಕೆಯೂ ಇಲ್ಲ, ಮುನಿಸೂ ಇಲ್ಲ. ಅದರಲ್ಲಿ ಎದ್ದು ಕೂರಲು ಒಬ್ಬಳೇ ಇದ್ದಳು. ಆಮೇಲೆ, ಹಿಂದೊಮ್ಮೆ ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದ ಅವನ ಕೆಲಸದ ಕಟ್ಟುನಿಟ್ಟು ನೆನಪಾಗಿ, “ನಿಮ್ಮಲ್ಲಿ ತಿರುಗಿ ಹೇಳ್ತೀರಲ್ಲ,” ಎಂದಳು. “ಹೇಳು. ಏನು ಕೇಳಿಸ್ತು ನಿನಗೆ?”

ಎಲ್ಲವೂ ಕೇಳಿಸಿತ್ತು. ಹಿಂದುಮುಂದಾಗದೆ, ಒಂದಕ್ಷರವೂ ನಡುವೆ ಬೀಳದೆ ಕೇಳಿಸಿತ್ತು. ಅವನ ತುಟಿಗಳು ಇಷ್ಟು ವರ್ಷದ ಅಭ್ಯಾಸಕ್ಕೆ ತಾವಾಗಿಯೇ ಬಿಡಿಸಿಕೊಂಡವು. ಹೇಳಿದರೆ ಮುಗಿಯಿತು, ಹೇಳಿದ ಕೂಡಲೇ ಮೇಲೆಲ್ಲೋ ಒಂದು ಗುಂಡಿ ಒತ್ತಿ, ಹಗ್ಗ ಎಳೆದು, ಎಲ್ಲವೂ ಚಲಿಸಲು ತೊಡಗುತ್ತದೆ. ಹೇಳುವ ತನಕ ಯಾರೂ ಒತ್ತುವಂತಿಲ್ಲ. ಬಾಗಿಲು ಕೂಗುತ್ತಲೇ ಬಂದು ಪಾದಕ್ಕೆ ತಾಗಿತು. ಅವನು ಪಾದವನ್ನು ಇನ್ನಷ್ಟು ಬಲವಾಗಿ ಊರಿದ.

“ಹೇಳಲ್ಲ,” ಎಂದ.